ಒದ್ದೆ ದಾರದ ಲಾಳಿ

ಮೂರು ದಿನದ ಮಳೆಗೆ ನದಿ ಉಕ್ಕಿ, ಗಿರಣಿಯ ನೀರಿನ ಚಕ್ರ ಮುಳುಗಿ, ಶುಕ್ರವಾರ ಮಧ್ಯಾಹ್ನವೇ ಮಗ್ಗಗಳೆಲ್ಲ ನಿಂತುಬಿಟ್ಟವು. ಮಸಾಚುಸೆಟ್ಸಿನ ಆ ಊರಲ್ಲಿ ಮಗ್ಗದ ಸದ್ದು ನಿಂತರೆ ಜನಕ್ಕೆ ಏನೂ ತೋಚುವುದಿಲ್ಲ. ನೇಯುವ ಹೆಂಗಸರು ಒದ್ದೆ ಶಾಲು ಕೊಡವಿಕೊಂಡು ತಾವು ಬಾಡಿಗೆಗಿದ್ದ ಮನೆಯ ಅಡುಗೆಕೋಣೆಗೆ ಬಂದು ಒಲೆ ಸುತ್ತ ಕೂತರು. ಆ ಮನೆ ನಡೆಸುತ್ತಿದ್ದವಳು ಹನೋರಾ ಅಜ್ಜಿ, ಹಿಂದೆ ಅದೇ ಗಿರಣಿಯಲ್ಲಿ ನೇಯ್ದವಳು.

ಎಲ್ಲರ ಬಾಯಲ್ಲೂ ಪೆಗ್ಗಿಯ ಮಾತೇ. ಒಬ್ಬೊಬ್ಬರ ತಲೆಗೆ ಇನ್ನೆರಡು ಮಗ್ಗ ಕಟ್ಟಬೇಡಿ ಎಂದು ಹೆಂಗಸರು ಅರ್ಜಿ ಬರೆದಿದ್ದರು. ಮುಂದೆ ನಿಂತವಳು ಯಾರೆಂದು ತಿಳಿಯದಿರಲಿ ಎಂದು ಹೆಸರುಗಳನ್ನು ಪದ್ಧತಿಯಂತೆ ಬಳೆಯ ಹಾಗೆ ದುಂಡಗೆ ಹಾಕಿದ್ದರು. ಆದರೂ ಸೋಮವಾರ ಮೇಸ್ತ್ರಿ ನೆಟ್ಟಗೆ ಪೆಗ್ಗಿಯ ಮಗ್ಗಕ್ಕೇ ಬಂದು ಅವಳನ್ನು ಹೊರಗೆ ಹಾಕಿದ. ಗುಟ್ಟಾಗಿ ಅವಳ ಹೆಸರು ಹೇಳಿದವಳು ವಿನಿ. ಕಿಟಕಿ ಪಕ್ಕ ಕೂತು ಮಾಡುವ ಕೆಲಸ ಕೊಡುತ್ತೇನೆಂದು ಮೇಸ್ತ್ರಿ ಆಸೆ ತೋರಿಸಿದ್ದ; ಇನ್ನೂ ಕೊಟ್ಟಿರಲಿಲ್ಲ. ಅವಳಿಗೆ ನೇಯ್ಗೆ ಕಲಿಸಿದ್ದೇ ಪೆಗ್ಗಿ. ಈಗ ವಿನಿ ಬಾಗಿಲ ಬಳಿ ಮುದುಡಿ ಕೂತಿದ್ದಳು. ವಿಷಯ ಹೊರಬಿದ್ದರೆ ಆ ಊರಲ್ಲಿ ಅವಳಿಗೆ ಕಾಲಿಡಲು ಜಾಗವಿರುತ್ತಿರಲಿಲ್ಲ.

"ಅಜ್ಜೀ, ಬೆಳಿಗ್ಗೆ ಹೋಗೋಷ್ಟರಲ್ಲಿ ನಮ್ಮ ಲಾಳಿಗೆಲ್ಲ ದಾರ ಹಾಕಿರ್ತದಲ್ಲ, ಅದ್ಯಾರು?" ಎಂದಳು ತೆರೇಸಾ. "ಗುಡಿಸೋ ಮುದುಕ ಅನ್ಬೇಡ. ಅವನಿಗೆ ಬಾಗಿಲೇ ಕಾಣಲ್ಲ, ಇನ್ನು ದಾರ ತೂರಿಸೋ ಲಾಳಿ ಕಣ್ಣು ಕಾಣ್ತದಾ."

ಅಜ್ಜಿ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಡೀಲಿಯಾ ಕಣ್ರೇ ಅದು... ನೀವ್ಯಾರೂ ನೋಡಿಲ್ಲ ಅವಳನ್ನ. ಇಪ್ಪತ್ತು ವರ್ಷ ಆಯ್ತು ಸತ್ತು. ನಾನೂ ಅವಳೂ ಒಂದೇ ಹಡಗಲ್ಲಿ ಐರ್ಲೆಂಡಿಂದ ಬಂದೋರು, ಒಂದೇ ಹಾಸಿಗೇಲಿ ಮಲಗಿದೋರು. ಅವಳ ತಂಗಿಗೆ ಒಂದಿನ ಕ್ಷಯ ಇದ್ದೋಳ ಲಾಳಿ ಸಿಕ್ತು. ನಾವೆಲ್ಲ ದಾರ ಹಾಕೋದು ಹೆಂಗೆ? ಲಾಳಿ ಕಣ್ಣಿಗೆ ತುಟಿ ಇಟ್ಟು ಚೀಪಿ ಎಳೀಬೇಕು, ಅಲ್ವಾ? ಹಂಗೇ ಎಳೀತು ಆ ಮಗು, ಮುಂದಿನ ಚಳಿಗಾಲಕ್ಕೆ ಮಣ್ಣಿಗೆ ಹೋಯ್ತು. ಅವತ್ತಿಂದ ಡೀಲಿಯಾಗೆ ಒಂದೇ ಹಟ. ಆಲೂಗಡ್ಡೆ ಸುಲಿಯೋ ಚಾಕೂನಲ್ಲೇ, ಇದೇ ಒಲೆ ಮುಂದೆ ಕೂತು ಕೆತ್ತಿ ಕೆತ್ತಿ, ಕೈಯೆಲ್ಲ ಗಾಯ ಮಾಡ್ಕೊಂಡು, ಕೊನೆಗೂ ಒಂದು ಲಾಳಿ ಮಾಡಿದ್ಲು... ಪಕ್ಕದಲ್ಲಿ ಸಣ್ಣ ಸೀಳು, ದಾರ ಅಲ್ಲಿಗೆ ತಗಲಿಸಿದ್ರೆ ಸಾಕು, ತಾನೇ ಒಳಗೆ ಜಾರ್ತದೆ. ಬಾಯಿ ಸೋಕೋದೇ ಬೇಡ.

ಪೇಟೆಂಟ್‌ಗೆ ವಾಷಿಂಗ್ಟನ್‌ಗೆ ಬರೀಬೇಕು. ಅವಳಿಗೆ ಅಕ್ಷರ ಬರಲ್ಲ. 'ನಿಂಗೆ ಬರ್ತದಲ್ಲ, ನಂಗ್ಯಾಕೆ' ಅಂತಿದ್ಲು ಯಾವಾಗ್ಲೂ. ಆಗಿನ ಮೇಸ್ತ್ರಿ ಪ್ರೌಟಿ ಅಂತ, ನನ್ನ ಕರ್ದ. 'ಅರ್ಜಿ ನನ್ನ ಹೆಸರಲ್ಲಿ ಬರಿ, ಕೆಳಗೆ ನೀನು ಸಾಕ್ಷಿ ಹಾಕು. ನಾಳೆಯಿಂದ ಕಿಟಕಿ ಪಕ್ಕ ಕೂತು ಕೆಲಸ' ಅಂದ..."

ವಿನಿ ತಲೆಯೆತ್ತಿದಳು.

"ಹ್ಞೂಂ. ನಾನೇ ಕಣ್ರೇ. ಬರ್ದೆ, ಸಾಕ್ಷಿ ಹಾಕ್ದೆ, ಅದರ ನಕಲು ತಂದು ಅವಳಿಗೆ ಕೊಟ್ಟೆ. 'ನನ್ನ ಹೆಸರು ಎಲ್ಲಿದೆ, ತೋರ್ಸೆ' ಅಂದ್ಲು. ಅವಳ ಬೆರಳು ಹಿಡ್ದು ಪ್ರೌಟಿ ಹೆಸರಿನ ಮೇಲೆ ಇಟ್ಟೆ... ಅವಳು ಆ ಅಕ್ಷರಕ್ಕೆ ಮುತ್ತು ಕೊಟ್ಲು.

ಪ್ರೌಟಿ ಆ ಪೇಟೆಂಟನ್ನ ಲಾಳಿ ಮಾಡೋ ಒಬ್ಬ ಧಣಿಗೆ ಮಾರ್ಕೊಂಡ. ಧಣಿ ಹತ್ರ ಹಳೇ ಲಾಳಿ ಗೋದಾಮು ತುಂಬ ಇತ್ತು. ಹೊಸದು ಬಂದ್ರೆ ಅವನ್ನ ಯಾರು ಕೊಳ್ತಾರೆ? ಕಾಗದ ಪೆಟ್ಟಿಗೇಲಿಟ್ಟು ಬೀಗ ಹಾಕ್ದ. ಇವಳು ದಿನಾ ಕೇಳೋಳು, 'ನಮ್ಮ ಲಾಳಿ ಯಾವಾಗ ಬರ್ತದೆ ಹನೋರಾ?' ವಾಷಿಂಗ್ಟನ್ ದೂರ ಕಣೇ ಅಂತಿದ್ದೆ. ಹಂಗೇ ಚೀಪ್ತಾ ಚೀಪ್ತಾ ಅವಳಿಗೂ ಕೆಮ್ಮು ಬಂತು.

ಕೊನೇ ಗಳಿಗೇಲಿ ಪಾದ್ರಿ ಬಂದ್ರು. ದಿಂಬಿನ ಕೆಳಗಿಂದ ಕಾಗದ ತೆಗ್ದು, 'ನನ್ನ ಹೆಸರು ಒಂದ್ಸಲ ಓದಿ ಫಾದರ್' ಅಂದ್ಲು. ಅವರು ಓದಿದ್ರು... ಇದ್ದದ್ದನ್ನ ಇದ್ದ ಹಂಗೇ. ನಾನು ಮಂಚದ ಕಾಲ ಹತ್ರ ನಿಂತಿದ್ದೆ. ಬೈಲಿಲ್ಲ ಅವಳು. ಬೈದಿದ್ರೆ ಚೆನ್ನಾಗಿತ್ತು. 'ಇನ್ಮೇಲೆ ಎಲ್ಲರ ಲಾಳಿಗೂ ನಾನೇ ದಾರ ಹಾಕ್ತೀನಿ. ನಿನ್ನದಕ್ಕೆ ಮಾತ್ರ ನೀನೇ ಬಾಯಿಡು' ಅಂದ್ಲು, ಅಷ್ಟೇ.

ಮಣ್ಣು ಮಾಡಿದ ಮಾರನೇ ಬೆಳಿಗ್ಗೆ ಎಲ್ಲರ ಲಾಳೀಲೂ ದಾರ ಇತ್ತು... ಮುಟ್ಟಿದ್ರೆ ಒದ್ದೆ. ಪ್ರೌಟಿ ನನ್ನ ಕಿಟಕಿ ಜಾಗ ತನ್ನ ತಂಗಿ ಮಗಳಿಗೆ ಕೊಟ್ಟು ನನ್ನನ್ನ ಮತ್ತೆ ಮಗ್ಗಕ್ಕೇ ಅಟ್ಟಿದ. ಹದಿನಾಲ್ಕು ವರ್ಷ ನೇಯ್ದೆ. ಅಷ್ಟೂ ದಿನ ನನ್ನ ಲಾಳಿ ಒಂದೇ ಖಾಲಿ. ದಿನಾ ತುಟಿ ಇಟ್ಟೆ, ಕೆಮ್ಮು ಬರ್ಲಿ, ಸಾಯೋಣ ಅಂತ ಕಾದೆ. ಕೆಮ್ಮೂ ಬರ್ಲಿಲ್ಲ... ನನ್ನ ಕರ್ಕೊಳ್ಳೋಕೂ ಅವಳಿಗೆ ಮನಸ್ಸಿಲ್ಲ."

ತೆರೇಸಾ ಶಾಲು ಎಳೆದುಕೊಂಡು, "ಆದ್ರೆ ಅಜ್ಜೀ, ನೀನು ಗಿರಣಿ ಬಿಟ್ಟ ಮೇಲೆ ಖಾಲಿ ಲಾಳಿ ಒಂದೂ ಇಲ್ವಲ್ಲ? ಅಲ್ಲಿಗೆ ಮುಗೀತು" ಎಂದಳು.

"ಆರು ವರ್ಷ ಒಂದೂ ಇರ್ಲಿಲ್ಲ," ಎಂದಳು ಅಜ್ಜಿ. ಬಾಗಿಲ ಕಡೆ ಅವಳು ನೋಡಲಿಲ್ಲ.

ವಿನಿ ಶಾಲಿನ ಅಂಚಿನಿಂದ ತುಟಿ ಒರೆಸಿಕೊಂಡಳು. ಮಂಗಳವಾರದಿಂದ ಅವಳು ಎಲ್ಲರಿಗಿಂತ ಮೊದಲು ಗಿರಣಿಗೆ ಓಡಿ, ಯಾರೂ ನೋಡುವ ಮುಂಚೆ ತನ್ನ ಖಾಲಿ ಲಾಳಿಗೆ ತುಟಿಯಿಟ್ಟು ದಾರ ಎಳೆದುಕೊಳ್ಳುತ್ತಿದ್ದಳು. ಹತ್ತಿಯ ರುಚಿ ಇನ್ನೂ ನಾಲಿಗೆಯ ಮೇಲಿತ್ತು.

"ಪೆಗ್ಗೀನ ಹೊರಗೆ ಹಾಕಿದ್ದು ಸೋಮವಾರ ಅಲ್ವಾ?" ಅಜ್ಜಿ ಕೊನೆಯ ಆಲೂಗಡ್ಡೆಯನ್ನು ನೀರಿಗೆ ಬಿಟ್ಟಳು. "ನಾಳೆ ನೀರು ಇಳೀತದೆ, ಚಕ್ರ ತಿರುಗ್ತದೆ. ಯಾರೂ ಮುಂಚೆ ಓಡ್ಬೇಡಿ, ಎಲ್ರೂ ಒಟ್ಟಿಗೇ ಹೋಗಿ... ನಿಮ್ಮ ಲಾಳಿ ನೋಡ್ಕೊಳ್ಳಿ. ಪಕ್ಕದೋಳದ್ದನ್ನೂ ಮುಟ್ಟಿ ನೋಡಿ."