ಕೇಳಿದ ಮೇಲೆ ಬಾಯಿಗೆ ಬೀಗ

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ದರ್ಜಿ ಊದಿದ ಕೆನ್ನೆ ಹಿಡಿದು ಕೂತಿದ್ದ. ಮಾತಾಡಲು ಆಗುತ್ತಿರಲಿಲ್ಲ, ಕಿವಿ ಮಾತ್ರ ಚುರುಕಾಗಿತ್ತು. ಪಕ್ಕದಲ್ಲಿ ಯೂನಿವರ್ಸಿಟಿಯ ಹಿರಿಯ ಮೇಷ್ಟ್ರು, ಅವರಿಗೆ ಜೊತೆಯಾಗಿ ಬಂದ ಹೊಸ ಮೇಡಂ.

“ಸರ್, ನನ್ನ ಕ್ಲಾಸಲ್ಲಿ ಯಾರೂ ತುಟಿಪಿಟಕ್ ಅನ್ನಲ್ಲ. ನಾಳೆ ಎಚ್‌ಓಡಿ ಬಂದು ಹಿಂದಿನ ಬೆಂಚಲ್ಲಿ ಕೂರ್ತಾರಂತೆ. ಮುಂದಿನ ಸೆಮಿಸ್ಟರಿಗೆ ನನ್ನನ್ನ ಇಟ್ಕೋಬೇಕಾ, ಬೇಡ್ವಾ ಅಂತ ನೋಡೋಕೆ.”

“ಪ್ರಶ್ನೆ ಕೇಳ್ತೀಯೇನಮ್ಮ? ಕೇಳ್ತೀಯ. ಉತ್ತರಕ್ಕೆ ಕಾಯ್ತೀಯಾ? ಕಾಯಲ್ಲ!”

“ಅದು ಸರ್…”

“ಎಡವೋದೇ ಅಲ್ಲಿ! ಕೇಳಿದ ಮೇಲೆ ಬಾಯಿಗೆ ಬೀಗ ಹಾಕ್ಕೋಬೇಕು. ಸುಮ್ಮನಿದ್ರೆ, ತಡೆಯೋಕಾಗದೆ ಯಾರಾದ್ರೂ ಬಾಯಿ ಬಿಟ್ಟೇ ಬಿಡ್ತಾರೆ. ಯಾಕೆ ಹೇಳು?”

“ಯಾಕಂದ್ರೆ…”

“ಯಾಕಂದ್ರೆ ಅವರಿಗೂ ಹೇಳೋದಿರುತ್ತೆ ಕಣಮ್ಮ!”

ಒಳಗಿಂದ ಕರೆ ಬಂತು. ಮೇಷ್ಟ್ರು ಮಾತಾಡುತ್ತಲೇ ಒಳಗೆ ಹೋದರು. ಹಲ್ಲು ಕೀಳಿಸಿಕೊಂಡು ಹೊರಬಂದಾಗ ಬಾಯಿ ತುಂಬ ಹತ್ತಿ.

“ಒಂದು ಗಂಟೆ ಬಾಯಿ ತೆರೀಬೇಡಿ!” ಹಿಂದಿನಿಂದ ನರ್ಸ್ ಕೂಗಿದಳು.

ಮೇಷ್ಟ್ರು ‘ಏನಂತೀಯ?’ ಎನ್ನುವಂತೆ ಮೇಡಂ ಕಡೆ ಹುಬ್ಬೇರಿಸಿ ನಿಂತರು. ಅವಳು ಗೋಡೆ ನೋಡಿದಳು, ಫ್ಯಾನು ನೋಡಿದಳು. ಕೊನೆಗೆ ತಡೆಯಲಾಗಲಿಲ್ಲ.

“ನೀವು ಹೇಳಿದ್ದು ನಿಜ ಸರ್. ನಾನು ಮಕ್ಕಳಿಗೆ ಬಾಯಿ ಬಿಡೋಕೇ ಬಿಡಲ್ಲ. ಎಂ.ಎ.ನಲ್ಲಿ ಎರಡು ವರ್ಷ ನಿಮ್ಮ ಕ್ಲಾಸಲ್ಲಿ ಕೂತಿದ್ನಲ್ಲ, ಪಾಠ ಮಾಡೋದು ಅಂದ್ರೆ ಹೀಗೇ ಅಂದ್ಕೊಂಡ್ಬಿಟ್ಟೆ.”

ಮೇಷ್ಟ್ರು ಬೆರಳೆತ್ತಿದರು. ಹತ್ತಿ ಬಿಡಲಿಲ್ಲ. ದರ್ಜಿಗೆ ನಗು ಉಕ್ಕಿ ಬಂತು, ನಕ್ಕರೆ ಪ್ರಾಣ ಹೋಗುವಷ್ಟು ನೋವು.

ಅವಳು ಮೇಷ್ಟ್ರ ತೋಳು ಹಿಡಿದು ಮೆಟ್ಟಿಲ ಕಡೆ ನಡೆಸಿದಳು.

“ಬನ್ನಿ ಸರ್, ಇನ್ನೂ ಒಂದು ಗಂಟೆ ಇದೆ. ನಿಧಾನಕ್ಕೆ ಹೇಳ್ತೀನಿ.”