ಕೂರಬಾರದ ಲಂಗ

೧೯೫೪ರ ಒಂದು ಶನಿವಾರ ಸಂಜೆ, ನ್ಯೂಯಾರ್ಕಿನ ಬಸ್ಸಿನಲ್ಲಿ ಖಾಲಿ ಸೀಟಿದ್ದರೂ ಒಬ್ಬ ಹುಡುಗಿ ನಿಂತೇ ಇದ್ದಳು. ಬಲೆಯಂಥ ತೆಳು ಬಟ್ಟೆಯನ್ನು ಪದರು ಪದರಾಗಿ ಉಬ್ಬಿಸಿ ಹೊಲಿದ ಗುಲಾಬಿ ಲಂಗ, ಥೇಟ್ ಬ್ಯಾಲೆ ಕುಣಿಯುವವರದು. ಆ ವರ್ಷ ಎಲ್ಲ ಹುಡುಗಿಯರಿಗೂ ಅದೇ ಬೇಕಿತ್ತು. ಪಕ್ಕದಲ್ಲಿ ಅವಳ ಸೋದರತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ನಾನು ಅವರ ಹಿಂದಿನ ಸೀಟಿನಲ್ಲಿದ್ದೆ.

"ಅತ್ತೆ, ಕಾಲು ನೋಯ್ತಿದೆ. ಕೂತ್ಕೋತೀನಿ."

"ಕೂತ್ರೆ ಲಂಗ ಮುದುರುತ್ತೆ, ನಡೀನ್. ಮತ್ತೆ ಉಬ್ಬಲ್ಲ."

"ನೀವು ಬ್ಯಾಲೆ ಕುಣಿಯೋರೆಲ್ಲ ಥಿಯೇಟರಿಗೆ ನಿಂತೇ ಹೋಗ್ತಿದ್ರಾ?"

"ಬಸ್ಸಲ್ಲಿ ಯಾರು ಹಾಕ್ಕೋತಿದ್ರು? ಅದು ನಮ್ಮ ಕೆಲಸದ ಬಟ್ಟೆ. ಬೀದಿಗೆ ತಂದಿದ್ದು ನೀವು."

"ಸ್ಟೇಜ್ ಪಕ್ಕದಲ್ಲಾದ್ರೂ ಕೂರ್ತಿದ್ರಿ ತಾನೆ?"

"ಎಲ್ಲಿ ಕೂರೋದು? ಮುಖ್ಯ ಪಾತ್ರದವಳಿಗೆ ಹುಷಾರು ತಪ್ಪಿದ್ರೆ ಅವಳ ಬದಲು ನಾನು ಹೋಗ್ಬೇಕಿತ್ತು. ದಿನಾ ಲಂಗ ಹಾಕ್ಕೊಂಡು ಪರದೆ ಪಕ್ಕ ನಿಂತಿರ್ತಿದ್ದೆ."

"ಎಷ್ಟು ಸಲ ಕರೆದ್ರು?"

"ಅವಳು ಗುಂಡುಕಲ್ಲಿನ ಹಾಗಿದ್ಲು ಕಣೆ. ಒಂದು ನೆಗಡೀನೂ ಬರ್ಲಿಲ್ಲ."

"ಒಂದ್ಸಲಾನೂ ಕರೀಲಿಲ್ವಾ?"

"ಇಲ್ಲ. ನಾನು ಕೆಲಸ ಬಿಟ್ಟಾಗ್ಲೂ ಲಂಗ ಹೊಸದರ ಹಾಗೇ ಇತ್ತು."

ಹುಡುಗಿ ತನ್ನ ಲಂಗದ ಪದರು ಸರಿಮಾಡಿಕೊಂಡಳು.

"ಇವತ್ತು ಸ್ಕೂಲ್ ಡ್ಯಾನ್ಸಲ್ಲಿ ನನ್ನನ್ನ ಯಾವ ಹುಡುಗನೂ ಕುಣಿಯೋಕೆ ಕರೀದಿದ್ರೆ?"

ಅತ್ತೆ ಬಸ್ಸು ನಿಲ್ಲಿಸಲು ಗಂಟೆಯ ಹಗ್ಗ ಎಳೆದು ಎದ್ದರು.

"ಒಂದೆರಡು ಹಾಡು ನೋಡು. ಆಮೇಲೂ ಯಾರೂ ಬರ್ಲಿಲ್ಲ ಅಂದ್ರೆ ಆರಾಮಾಗಿ ಕೂತು ಕೇಕ್ ತಿನ್ನು. ಮುದುರಿದ್ರೆ ಮುದುರ್ಲಿ."

ಬಸ್ಸು ನಿಂತಿತು. ಹುಡುಗಿ ಮುಂದೆ ಇಳಿದಳು. ಲಂಗ ಬಾಗಿಲಿಗೆ ತಾಗದಂತೆ ಅತ್ತೆ ಹಿಂದಿನಿಂದ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು.