ಕೆಂಡವಿಟ್ಟ ಕೋಣೆ

ರಾಮನಗರದ ಬಸ್ ನಿಲ್ದಾಣದಿಂದ ಬಿಡದಿಯ ಫ್ಯಾಕ್ಟರಿ ಬಸ್ಸುಗಳು ಹೊರಟುಹೋದ ಮೇಲೆ, ಮುದುಕಿ ರಾಧಾಮಣಿಗೆ ಪಕ್ಕದ ಬೆಂಚಿನಲ್ಲಿ ಕೂತಿದ್ದ ಅತ್ತಿಗೆ ಮತ್ತು ಅವಳ ಡಾಕ್ಟರು ನಾದಿನಿಯ ಮಾತು ಕೇಳಿಸಿತು.

“ಮುಚ್ಚಿದ ಕೋಣೇಲಿ ಕೆಂಡ ಇಡ್ಬೇಡಿ, ಗಾಳಿ ವಿಷ ಆಗುತ್ತೆ ಅಂತ ಆಫ್ರಿಕಾದ ಹಳ್ಳಿಹಳ್ಳಿಗೂ ಜನ ಕಳ್ಸಿ ಹೇಳಿಸ್ದೆ ಅತ್ಗೆ. ನಮ್ಮಣ್ಣಂಗೆ ಮಾತ್ರ ನಾನು ಒಂದು ಮಾತು ಹೇಳ್ಲಿಲ್ಲ.”

“ನೀನು ಹೇಳಿದ್ದೆ ಕಣವ್ವಾ, ಫೋನಲ್ಲಿ. ರೇಷ್ಮೆಹುಳಕ್ಕೆ ಥಂಡಿ ಆಯ್ತದೆ ಅಂತ ಅವ್ರೇ ಕಿಟಕಿ ಮುಚ್ಚಿ, ಕೆಂಡದ ಪಕ್ಕ ಮಲಗ್ಬುಟ್ರು. ಏಳ್ಲೇ ಇಲ್ಲ.”

“ನಾನ್ಯಾವತ್ತು ಹೇಳಿದ್ದೆ?”

“ದೀಪಾವಳೀಲಿ.”

“ಆವಾಗ ಮೀಟಿಂಗು. ಫೋನೇ ಮಾಡ್ಲಿಲ್ಲ ನಾನು.”

“ದೇಶದೇಶ ತಿರುಗೋಳು, ನಿಂಗೆ ಮರ್ತೋಗೈತೆ.”

ನಾದಿನಿ ಅತ್ತಿಗೆಯ ಬಳೆಯಿಲ್ಲದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ಸುಳ್ಳು ಹೇಳಕ್ಕೂ ಬರಲ್ಲ ನಿಂಗೆ. ಇನ್ನ್ಯಾವ ಮುಖ ಇಟ್ಕೊಂಡು ವಾಪಸ್ ಆಫ್ರಿಕಾಕ್ಕೆ ಹೋಗ್ಲಿ?”

“ಇದೇ ಮುಖ. ಏಳು, ಬಸ್ ಬಂತು. ಅಲ್ಲೂ ನನ್ನಂಥ ಹೆಂಡ್ತಿ ಒಬ್ಳು ಇರ್ತಾಳೆ, ಅವ್ಳಿಗಾದ್ರೂ ಹೇಳು.”

ಇಬ್ಬರೂ ಒಂದೇ ಚೀಲವನ್ನು ಹಿಡಿದುಕೊಂಡು ಬಸ್ಸಿನತ್ತ ನಡೆದರು.